ಮೊಸಳೆ ಮೊದಲೇ ಇತ್ತು

2015ರ ಜೂನ್. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಮೊಸಳೆಯೊಂದು ಕಾಣಿಸಿಕೊಂಡಿತು. ನೀರು ತುಂಬಿದ ದೊಡ್ಡ ಗುಂಡಿಯಲ್ಲಿ ಮೈಚಾಚಿ ಮಲಗಿದ್ದ ಅದನ್ನು ಅಲ್ಲಿಗೆ ತಂದಿಟ್ಟವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಫೈಬರಿನ ಮೊಸಳೆ, ಸುತ್ತ ಬಣ್ಣ ಬಳಿದು ತಂದ ಕೊಳದ ಕಳೆ. ದಾರಿಹೋಕರು ನಿಂತು ನೋಡಿದರು, ಫೋಟೊ ತೆಗೆದುಕೊಂಡರು. ದೇಶ ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಮೇಲೆ ಗುಂಡಿಯೂ ಮುಚ್ಚಿತು.

ರಸ್ತೆ ಎಂಜಿನಿಯರುಗಳಿಗೆ ಈ ಪ್ರಾಣಿ ಹೊಸದೇನಲ್ಲ. ಡಾಂಬರಿನ ಮೇಲೆ ಮೀನಿನ ಬಲೆ ಹಾಸಿದಂತೆ, ಅಂಗೈಯಗಲದ ತುಂಡು ತುಂಡಾಗಿ ಹಬ್ಬುವ ಬಿರುಕಿಗೆ ಅವರು ಇಟ್ಟಿರುವ ಹೆಸರೇ ‘ಮೊಸಳೆ ಚರ್ಮ’. ಗುಂಡಿ ಬೀಳುವ ಎಷ್ಟೋ ತಿಂಗಳ ಮೊದಲೇ ಅದು ಅಲ್ಲಿರುತ್ತದೆ. ಸ್ಕೂಟರಿನವರು ಅದರ ಮೇಲೆಯೇ ಹೋಗುತ್ತಾರೆ, ಯಾರೂ ದೂರು ಕೊಡುವುದಿಲ್ಲ. ಒಂದು ಮಳೆ ಬಿದ್ದು, ಬಲೆಯ ಒಂದು ತುಂಡು ಕಿತ್ತುಬಂದಾಗಲೇ ‘ಅಯ್ಯೋ, ರಸ್ತೆ ಹಾಳಾಯಿತು’ ಎಂಬ ಮಾತು ಕೇಳುವುದು. ಅಷ್ಟರಲ್ಲಿ ರಸ್ತೆ ಹಾಳಾಗಿ ತುಂಬಾ ದಿನವಾಗಿರುತ್ತದೆ.

ಹಾಗಾದರೆ ಅದು ಹಾಳಾದದ್ದು ಯಾವಾಗ, ಎಲ್ಲಿಂದ? ಗುಂಡಿಗೆ ಜಲ್ಲಿ ಸುರಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇದನ್ನು ಕೇಳದೆ ಮಾಡಿದ ದುರಸ್ತಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಬಾಗುವ ಹಾಸು

ಕಣ್ಣಿಗೆ ಕಾಣುವ ಕಪ್ಪು ಹಾಸು ರಸ್ತೆಯ ಮೇಲ್ಮೈ ಅಷ್ಟೇ. ಎಲ್ಲಕ್ಕಿಂತ ಕೆಳಗೆ ನೀರುಣಿಸಿ ದಮ್ಮಸು ಮಾಡಿದ ಮಣ್ಣು. ಅದರ ಮೇಲೆ ಗರಸು ಅಥವಾ ಒರಟು ಜಲ್ಲಿಯ ಪದರ. ಮತ್ತೆ ದಪ್ಪ, ಸಣ್ಣ ಜಲ್ಲಿಗಳನ್ನು ಲೆಕ್ಕ ಹಾಕಿ ನೀರಿನಲ್ಲಿ ಕಲಸಿ ಹಾಸಿದ ‘ವೆಟ್ ಮಿಕ್ಸ್’. ಇವೆಲ್ಲದರ ನೆತ್ತಿಯ ಮೇಲೆ ಡಾಂಬರು ಬೆರೆತ ಒಂದೆರಡು ಪದರ. ಜನರ ಬಾಯಲ್ಲಿ ಅದು ಟಾರು, ಡಾಂಬರು. ನಿಜಕ್ಕೂ ಇಂದು ಬಳಕೆಯಲ್ಲಿರುವುದು ಕಲ್ಲಿದ್ದಲಿನಿಂದ ಬರುತ್ತಿದ್ದ ಹಳೆಯ ಟಾರಲ್ಲ, ಕಚ್ಚಾ ತೈಲವನ್ನು ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲೂ ಇದು ತಯಾರಾಗುತ್ತದೆ. ಮೇಲ್ಪದರದ ತೂಕದಲ್ಲಿ ಇದರ ಪಾಲು ಸುಮಾರು 5%. ಉಳಿದದ್ದೆಲ್ಲ ಕಲ್ಲು.

ಕಾಂಕ್ರೀಟ್ ರಸ್ತೆ ಹಲಗೆಯಂತೆ ಭಾರ ಹೊರುತ್ತದೆ. ಡಾಂಬರು ರಸ್ತೆ ಬಾಗುತ್ತದೆ. ಲಾರಿಯ ಚಕ್ರ ಹಾದಾಗ ಕೂದಲೆಳೆಯಷ್ಟು ತಗ್ಗಿ, ಚಕ್ರ ದಾಟಿದೊಡನೆ ಮತ್ತೆ ಮೇಲೆದ್ದುಕೊಳ್ಳುತ್ತದೆ. ಬಾಗುವುದು ಅದರ ದೋಷವಲ್ಲ, ಗುಣ. ಆದರೆ ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನೋಡಿದವರಿಗೆ ಮುಂದಿನದು ಗೊತ್ತು. ಬಾಗುವಾಗ ಹಾಸಿನ ಮೇಲ್ಭಾಗ ಅದುಮಿಕೊಳ್ಳುತ್ತದೆ, ತಳಭಾಗ ಎಳೆದುಕೊಳ್ಳುತ್ತದೆ. ಲಕ್ಷಾಂತರ ಸಲ ಎಳೆದ ಮೇಲೆ ಮೊದಲ ಬಿರುಕು ಮೂಡುವುದು ಸಾಮಾನ್ಯವಾಗಿ ಆ ತಳದಲ್ಲೇ. ಅಲ್ಲಿಂದ ಅದು ಮೆಲ್ಲಗೆ ಮೇಲೇರಿ, ಒಂದು ದಿನ ಮೊಸಳೆ ಚರ್ಮವಾಗಿ ಕಾಣಿಸಿಕೊಳ್ಳುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್‌ನ ವಿನ್ಯಾಸ ಸಂಹಿತೆ ‘ಐಆರ್‌ಸಿ 37’ ರಸ್ತೆಯ ಆಯಸ್ಸನ್ನು ಲೆಕ್ಕ ಹಾಕುವುದು ಎರಡು ಸೋಲುಗಳ ಮೇಲೆ. ಒಂದು, ಡಾಂಬರಿನ ತಳದ ಈ ದಣಿವು. ಇನ್ನೊಂದು, ಕೆಳಗಿನ ಮಣ್ಣೇ ಕುಸಿದು ಚಕ್ರದ ದಾರಿಯಲ್ಲಿ ಹಳ್ಳ ಬೀಳುವುದು. ಎರಡರ ಮೂಲವೂ ಕಣ್ಣಿಗೆ ಕಾಣದ ಕಡೆ ಇದೆ.

ಬಿರುಕಿನ ಲಿಪಿ

ತನಿಖೆ ಶುರುವಾಗುವುದು ಕಾಲ್ನಡಿಗೆಯಲ್ಲಿ. ಕೈಯಲ್ಲಿ ಟೇಪು, ಸೀಮೆಸುಣ್ಣ, ಉದ್ದದ ನೇರ ಪಟ್ಟಿ. ಅನುಭವಿ ಎಂಜಿನಿಯರ್ ಬಿರುಕು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೋಡುತ್ತಾರೆ.

ಮೊಸಳೆ ಚರ್ಮ ಚಕ್ರ ಓಡುವ ಜಾಡಿನಲ್ಲಿ ಮಾತ್ರ ಇದ್ದರೆ ಹೊರೆ ಜಾಸ್ತಿಯಾಯಿತು, ಇಲ್ಲವೇ ತಳ ಸಾಲದಾಯಿತು ಎಂದು ಅರ್ಥ. ಬಿರುಕಿನ ಬಾಯಲ್ಲಿ ಮಳೆ ನಿಂತ ಮೇಲೆ ಮಾಸಲು ಬಣ್ಣದ ಕೆಸರಿನ ಕಲೆ ಉಳಿದಿದ್ದರೆ, ಅಡಿಯ ಪದರದಲ್ಲಿ ನೀರು ನಿಂತಿದೆ, ವಾಹನಗಳು ಅದನ್ನು ಪಂಪಿನಂತೆ ಮೇಲಕ್ಕೆ ಚಿಮ್ಮಿಸುತ್ತಿವೆ. ಇಳಿಜಾರಿನಲ್ಲಿ, ಬ್ರೇಕ್ ಹಾಕುವ ಜಾಗದಲ್ಲಿ ಅರ್ಧಚಂದ್ರಾಕಾರದ ಬಿರುಕು ಕಂಡರೆ ಮೇಲಿನ ಪದರ ಕೆಳಗಿನದಕ್ಕೆ ಅಂಟಿಲ್ಲ. ಎರಡು ಪದರಗಳ ನಡುವೆ ಸಿಂಪಡಿಸಬೇಕಿದ್ದ ತೆಳು ಡಾಂಬರು, ‘ಟ್ಯಾಕ್ ಕೋಟ್’, ತಪ್ಪಿಹೋಗಿದೆ ಅಥವಾ ದೂಳಿನ ಮೇಲೆ ಬಿದ್ದಿದೆ. ಏಪ್ರಿಲ್ ಬಿಸಿಲಿನಲ್ಲಿ ರಸ್ತೆ ಎಣ್ಣೆ ಸವರಿದಂತೆ ಹೊಳೆದು ಚಪ್ಪಲಿಗೆ ಅಂಟುತ್ತಿದ್ದರೆ ಡಾಂಬರು ಮಿತಿಮೀರಿದೆ. ಜಲ್ಲಿ ಒಂದೊಂದಾಗಿ ಉದುರಿ ಮೈ ತರಿತರಿಯಾಗಿದ್ದರೆ ಡಾಂಬರು ಕಡಿಮೆಯಾಗಿದೆ, ಸುಟ್ಟಿದೆ, ಇಲ್ಲವೇ ರೋಲರ್ ಒತ್ತಿದ್ದು ಸಾಲದಾಗಿದೆ.

ಬಸ್ ನಿಲ್ದಾಣದ ಮುಂದಿನ ಮತ್ತು ಸಿಗ್ನಲ್ ಬಳಿಯ ಹಳ್ಳಗಳ ಕತೆ ಬೇರೆ. ಓಡುವ ಚಕ್ರ ಡಾಂಬರಿನ ಮೇಲೆ ಕ್ಷಣಮಾತ್ರ ಇರುತ್ತದೆ, ನಿಂತ ಬಸ್ಸು ನಿಮಿಷಗಟ್ಟಲೆ ಅದುಮುತ್ತದೆ. ಬಿಸಿಲಿಗೆ ಮೆತ್ತಗಾದ ಬಿಟುಮೆನ್ ಅಷ್ಟು ಹೊತ್ತಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುತ್ತದೆ. ಜಾಡಿನ ಎರಡೂ ಬದಿಯಲ್ಲಿ ಏಣು ಎದ್ದಿದ್ದರೆ ದೋಷ ಮೇಲಿನ ಡಾಂಬರಿನದು. ಏಣಿಲ್ಲದೆ ಅಗಲವಾಗಿ, ತಟ್ಟೆಯಂತೆ ತಗ್ಗಿದ್ದರೆ ಅಡಿಯ ಮಣ್ಣಿನದು. ಮೊದಲನೆಯದಕ್ಕೆ ಮೇಲಿನ ಪದರ ಕೆರೆದು ಬದಲಿಸಿದರೆ ಸಾಕು. ಎರಡನೆಯದಕ್ಕೆ ಎಷ್ಟು ಸಲ ಡಾಂಬರು ಸುರಿದರೂ ಸುರಿದದ್ದೇ ಬಂತು.

ಸಿಲಿಂಡರಿನ ಸಾಕ್ಷ್ಯ

ಕಣ್ಣಿನ ಊಹೆಗೆ ಸಾಕ್ಷ್ಯ ಬೇಕು. ವಜ್ರದ ಹಲ್ಲಿನ ಕೊಳವೆ ಯಂತ್ರದಿಂದ ರಸ್ತೆಯನ್ನು ಕೊರೆದು, ಉದ್ದಿನ ವಡೆಯ ತೂತಿನಂತೆ ನಡುವೆ ರಂಧ್ರ ಬಿಟ್ಟು, ಆ ತಿರುಳನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಇದಕ್ಕೆ ‘ಕೋರ್’ ಎಂದು ಹೆಸರು. ಬಿರುಕು ಬಿಟ್ಟ ಕಡೆ ಒಂದು, ಪಕ್ಕದ ಗಟ್ಟಿ ಜಾಗದಲ್ಲಿ ಒಂದು. ಎರಡನ್ನೂ ಜೊತೆಗಿಟ್ಟರೆ ಅರ್ಧ ತನಿಖೆ ಅಲ್ಲೇ ಮುಗಿಯುತ್ತದೆ: ಪದರದ ದಪ್ಪ ಹೇಳಿದಷ್ಟಿದೆಯೇ, ಬಿರುಕು ಮೇಲಿನಿಂದ ಇಳಿದಿದೆಯೇ ಕೆಳಗಿನಿಂದ ಏರಿದೆಯೇ, ಪದರಗಳು ಅಂಟಿಕೊಂಡಿವೆಯೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ.

ಉಳಿದರ್ಧ ಪ್ರಯೋಗಾಲಯದ್ದು. ಕೋರನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ ಸಾಂದ್ರತೆ ಕಂಡುಹಿಡಿಯುತ್ತಾರೆ. ದ್ರಾವಕ ಹಾಕಿ ಗಿರಗಿರನೆ ತಿರುಗುವ ಯಂತ್ರದಲ್ಲಿ ಡಾಂಬರನ್ನೆಲ್ಲ ತೊಳೆದು, ಎಷ್ಟಿತ್ತು ಎಂದು ಲೆಕ್ಕ ಹಾಕುತ್ತಾರೆ. ತೊಳೆದು ಉಳಿದ ಜಲ್ಲಿಯನ್ನು ಜರಡಿಗಳ ಸಾಲಿನಲ್ಲಿ ಅಲ್ಲಾಡಿಸಿ ದಪ್ಪ, ಸಣ್ಣ ಪಾಲು ಸರಿಯಿತ್ತೇ ಎಂದು ನೋಡುತ್ತಾರೆ. ಮಿಶ್ರಣದ ಹದ ನಿರ್ಧರಿಸಲು ಇಂದಿಗೂ ಬಳಸುವ ವಿಧಾನ ರೂಪಿಸಿದವರು ಅಮೆರಿಕದ ಮಿಸಿಸಿಪಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್, 1930ರ ದಶಕದ ಕೊನೆಯಲ್ಲಿ.

ರಸ್ತೆಯನ್ನು ಕೊರೆಯದೆಯೂ ಪರೀಕ್ಷಿಸಬಹುದು. 1950ರ ದಶಕದಲ್ಲಿ ಎ.ಸಿ. ಬೆಂಕಲ್‌ಮನ್ ರೂಪಿಸಿದ ತೊಲೆಯ ತುದಿಯನ್ನು ಹೊರೆ ತುಂಬಿದ ಲಾರಿಯ ಜೋಡಿ ಚಕ್ರಗಳ ನಡುವೆ ಇಡುತ್ತಾರೆ. ಲಾರಿ ಮುಂದೆ ಸರಿದಾಗ ರಸ್ತೆ ಎಷ್ಟು ಮೇಲೆದ್ದಿತು ಎಂಬುದನ್ನು ಮಿಲಿಮೀಟರಿನ ನೂರನೇ ಒಂದು ಪಾಲಿನಲ್ಲಿ ಓದುತ್ತಾರೆ. ಇದರ ಆಧುನಿಕ ರೂಪ, ಭಾರವನ್ನು ಎತ್ತಿ ಬೀಳಿಸುವ ‘ಎಫ್‌ಡಬ್ಲ್ಯುಡಿ’ ಯಂತ್ರ. ಪೆಟ್ಟು ಬಿದ್ದ ಜಾಗದಲ್ಲಿ ಮಾತ್ರವಲ್ಲ, ಅದರಿಂದ ದೂರ ದೂರದಲ್ಲೂ ರಸ್ತೆ ಎಷ್ಟು ತಗ್ಗಿತು ಎಂದು ಇದರ ಸಂವೇದಕಗಳು ಅಳೆಯುತ್ತವೆ. ತಗ್ಗಿದ ಬೋಗುಣಿಯ ಆಕಾರ ನೋಡಿ ಸೊರಗಿರುವ ಪದರ ಯಾವುದೆಂದು ಹೇಳಬಹುದು.

ನೀರು ಕಂಡರೆ ಕೈಬಿಡುವ ಕಲ್ಲು

ಡಾಂಬರು ರಸ್ತೆಗೆ ಮಳೆ ಬಿದ್ದರೆ ತೊಂದರೆಯಿಲ್ಲ, ನೀರು ನಿಂತರೆ ತೊಂದರೆ. ನೀರು ಹರಿದುಹೋಗಲೆಂದೇ ರಸ್ತೆಯ ನಡು ಎತ್ತರ, ಅಂಚು ತಗ್ಗು. ಮಳೆ ಹೆಚ್ಚಿರುವ ಕಡೆ ಈ ಇಳಿಜಾರು 2.5%, ಅಂದರೆ ಪ್ರತಿ ಮೀಟರಿಗೆ ಎರಡೂವರೆ ಸೆಂಟಿಮೀಟರ್. ಅಂಚಿಗೆ ಬಂದ ನೀರಿಗೆ ಚರಂಡಿ ಸಿಗಬೇಕು. ನಗರದಲ್ಲಿ ಆಗುವುದೇ ಬೇರೆ. ಚರಂಡಿಯ ಕಿಂಡಿ ಕಸದಿಂದ ಕಟ್ಟಿರುತ್ತದೆ, ಇಲ್ಲವೇ ಪದರದ ಮೇಲೆ ಪದರ ಡಾಂಬರು ಬಿದ್ದು ನೀರಿನ ದಾರಿಯೇ ಅದಲು ಬದಲಾಗಿರುತ್ತದೆ.

ನಿಂತ ನೀರು ಕಲ್ಲಿಗೂ ಡಾಂಬರಿಗೂ ಜಗಳ ಹಚ್ಚುತ್ತದೆ. ಬೆಂಗಳೂರಿನ ಸುತ್ತಮುತ್ತ ಸಿಗುವ ಗ್ರಾನೈಟ್, ನೈಸ್ ಜಾತಿಯ ಕಲ್ಲುಗಳಲ್ಲಿ ಸಿಲಿಕಾ ಹೆಚ್ಚು. ಇಂಥ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೇ ಮಮತೆ. ಸಂದು ಸಿಕ್ಕರೆ ನೀರು ಡಾಂಬರಿನ ಅಡಿಗೆ ನುಸುಳಿ ಅದನ್ನು ಕಲ್ಲಿನ ಮೈಯಿಂದ ಸಿಪ್ಪೆಯಂತೆ ಸುಲಿಯುತ್ತದೆ. ಇದನ್ನು ಮೊದಲೇ ಪತ್ತೆಹಚ್ಚುವ ಪರೀಕ್ಷೆ ಬಲು ಸರಳ: ಡಾಂಬರು ಬಳಿದ ಜಲ್ಲಿಯನ್ನು ಗಾಜಿನ ಪಾತ್ರೆಯಲ್ಲಿ 40 ಡಿಗ್ರಿ ಬೆಚ್ಚಗಿನ ನೀರಲ್ಲಿ 24 ಗಂಟೆ ಮುಳುಗಿಸಿಡುವುದು. ಲೇಪದ 95% ಉಳಿದಿರಬೇಕು. ಉಳಿಯದಿದ್ದರೆ ಸುಣ್ಣದ ಪುಡಿಯನ್ನೋ ಅಂಟು ಹೆಚ್ಚಿಸುವ ರಾಸಾಯನಿಕವನ್ನೋ ಬೆರೆಸಬೇಕು.

ಇನ್ನು ಅಗೆತ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಆಪ್ಟಿಕಲ್ ಫೈಬರ್ ಕೇಬಲ್ ಎಂದು ಒಬ್ಬರಾದ ಮೇಲೊಬ್ಬರು ಅಗೆಯುತ್ತಾರೆ. ಅಗೆದ ಮಣ್ಣನ್ನು ಅದೇ ಕಾಲುವೆಗೆ ತಳ್ಳಿ ಮೇಲೊಂದಿಷ್ಟು ಜಲ್ಲಿ ಹಾಕಿದರೆ ಅದು ಹಿಂದಿನ ಗಟ್ಟಿತನಕ್ಕೆ ಮರಳುವುದಿಲ್ಲ. ಮೊದಲ ಮಳೆಗೆ ಕುಸಿದು, ರಸ್ತೆಯ ಹೊಟ್ಟೆಯೊಳಗೇ ಒಂದು ಗುಪ್ತ ಕಾಲುವೆಯಾಗುತ್ತದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಯಂಥ ಕಡೆ ‘ಟೆಂಡರ್ ಶ್ಯೂರ್’ ಯೋಜನೆಯಲ್ಲಿ ಕೇಬಲ್, ಕೊಳವೆಗಳಿಗೆ ಪಾದಚಾರಿ ಮಾರ್ಗದ ಅಡಿಯಲ್ಲೇ ಜಾಗ ಮಾಡಿಕೊಟ್ಟದ್ದು ಈ ಕಾರಣಕ್ಕೆ.

ಉಸಿರಾಡುವ ಎರೆ

ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿಯ ಕಡೆ ಹೋದರೆ ಆರೋಪಿಯ ಮುಖ ಬದಲಾಗುತ್ತದೆ. ಅಲ್ಲಿ ಎರೆಮಣ್ಣು. ಜೋಳ, ಹತ್ತಿ, ಕಡಲೆಗೆ ತಾಯಿಯಂಥ ಈ ಮಣ್ಣು ರಸ್ತೆಗೆ ಮಲತಾಯಿ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ನೆಲ ರಸ್ತೆಯ ಅಡಿಯಲ್ಲೂ ಇದೆ.

ರಸ್ತೆಯ ನಡುಭಾಗಕ್ಕೆ ಡಾಂಬರಿನ ಛತ್ರಿಯಿರುವುದರಿಂದ ಅಲ್ಲಿನ ತೇವ ಅಷ್ಟಾಗಿ ಏರಿಳಿಯುವುದಿಲ್ಲ. ಏರಿಳಿತವೆಲ್ಲ ಅಂಚಿನಲ್ಲಿ. ಹಾಗಾಗಿ ಎರೆ ಸೀಮೆಯ ರಸ್ತೆಗಳಲ್ಲಿ ಅಂಚಿಗೆ ಸಮಾನಾಂತರವಾಗಿ ಉದ್ದುದ್ದ ಸೀಳು ಬೀಳುತ್ತದೆ, ಮೈ ಅಲೆಯಲೆಯಾಗುತ್ತದೆ. ವಾಹನವೇ ಓಡದಿದ್ದರೂ ಆ ಸೀಳು ತಪ್ಪುವುದಿಲ್ಲ.

ಮಣ್ಣಿನ ಕಸುವನ್ನು ಅಳೆಯುವ ‘ಸಿಬಿಆರ್’ ಪರೀಕ್ಷೆ ಹುಟ್ಟಿದ್ದು ಕ್ಯಾಲಿಫೋರ್ನಿಯದಲ್ಲಿ, ಸುಮಾರು ಒಂದು ಶತಮಾನದ ಹಿಂದೆ. ದಮ್ಮಸು ಮಾಡಿದ ಮಣ್ಣಿನೊಳಗೆ 50 ಮಿ.ಮೀ. ವ್ಯಾಸದ ಉಕ್ಕಿನ ದಿಂಡನ್ನು ನಿಧಾನಕ್ಕೆ ಒತ್ತಿ, ಅದಕ್ಕೆ ಬೇಕಾದ ಬಲವನ್ನು ಜಲ್ಲಿಗೆ ಬೇಕಾದ ಬಲದೊಂದಿಗೆ ಹೋಲಿಸುವುದು. ನೆನೆದ ಎರೆಮಣ್ಣಿಗೆ ಅನೇಕ ಕಡೆ ನೂರಕ್ಕೆ ಎರಡು ಮೂರು ಅಂಕ ಸಿಕ್ಕರೆ ಹೆಚ್ಚು. ಗಮನಿಸಬೇಕಾದ್ದು, ಪರೀಕ್ಷೆಗೆ ಮುನ್ನ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿಡುತ್ತಾರೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ನೆಲ ಆಷಾಢದಲ್ಲಿ ಹೇಗಿರುತ್ತದೆ ಎಂಬುದೇ ಎಂಜಿನಿಯರಿಗೆ ಬೇಕಾದ ಸತ್ಯ. ಪರಿಹಾರವೂ ಇದೆ: ಸುಣ್ಣ ಬೆರೆಸಿ ಮಣ್ಣಿನ ಗುಣ ಬದಲಿಸುವುದು, ಅಥವಾ ಎರೆಯನ್ನು ತೆಗೆದು ಗರಸು ತುಂಬುವುದು, ಅಂಚಿಗೂ ನೀರು ಇಳಿಯದಂತೆ ಮುಚ್ಚುವುದು. ಖರ್ಚು ಇರುವುದು ಇಲ್ಲೇ, ಉಳಿತಾಯದ ಹೆಸರಲ್ಲಿ ಕೈಬಿಟ್ಟುಹೋಗುವುದೂ ಇದೇ.

ನಾಲ್ಕು ಸಲದ ಗುಣಾಕಾರ

ಅಮೆರಿಕದ ಇಲಿನಾಯ್ ರಾಜ್ಯದ ಒಟಾವ ಪಟ್ಟಣದ ಬಳಿ ರಸ್ತೆಗಳನ್ನು ಕೆಡಿಸಲೆಂದೇ ಕಟ್ಟಿದರು. ಬೇರೆ ಬೇರೆ ದಪ್ಪದ ಪದರಗಳ ಆರು ಸುತ್ತು ಹಾದಿ. 1958ರಿಂದ 1960ರವರೆಗೆ ಸೈನಿಕ ಚಾಲಕರು ಅದರ ಮೇಲೆ ಲಾರಿಗಳನ್ನು ಸುತ್ತಿಸಿದರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಸಲ ಲಾರಿಯ ಅಚ್ಚುಗಳು (ಆಕ್ಸಲ್) ಹಾದುಹೋದವು. ‘ಆಶೊ ರೋಡ್ ಟೆಸ್ಟ್’ ಎಂದು ಹೆಸರಾದ ಈ ಪ್ರಯೋಗದಿಂದ ಬಂದ ಸೂತ್ರ ಇಂದಿಗೂ ಜಗತ್ತಿನ ರಸ್ತೆ ಲೆಕ್ಕಗಳ ಬೆನ್ನೆಲುಬು: ಅಚ್ಚಿನ ಭಾರ ಏರಿದಂತೆ ರಸ್ತೆಯ ಸವೆತ ಸರಿಸುಮಾರು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು.

ಅಲ್ಲಿಂದ ಬಂದ ಪ್ರಮಾಣಿತ ಅಚ್ಚಿನ ಭಾರ 8.16 ಟನ್. 700 ಕಿಲೊ ಬೀಳುವ ಕಾರಿನ ಒಂದು ಅಚ್ಚು, ಈ ಲೆಕ್ಕದಲ್ಲಿ ಲಾರಿಯ ಅಂಥ ಒಂದು ಅಚ್ಚು ಒಂದು ಸಲ ಮಾಡುವ ಹಾನಿ ಮಾಡಬೇಕಾದರೆ ಹದಿನೆಂಟು ಸಾವಿರ ಸಲ ಓಡಾಡಬೇಕು. ರಸ್ತೆಯ ಮಟ್ಟಿಗೆ ಕಾರು, ಆಟೊ, ಬೈಕುಗಳು ಇಲ್ಲದಂತೆಯೇ. ಭಾರತದಲ್ಲಿ 2018ರಲ್ಲಿ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಕೇಳಲು ಒಂದೂಕಾಲು ಟನ್ನಿನಷ್ಟು ಹೆಚ್ಚಳ. ನಾಲ್ಕನೇ ಘಾತಕ್ಕೆ ಏರಿಸಿದರೆ ಪ್ರತಿ ಅಚ್ಚಿನ ಹಾನಿಯಲ್ಲಿ ಸುಮಾರು 60% ಏರಿಕೆ. ಕಾನೂನು ಮೀರಿ ಅಚ್ಚಿನ ಮೇಲೆ 16 ಟನ್ ಹೇರಿದ ಲಾರಿಯ ಒಂದು ಓಡಾಟ ಹದಿನಾಲ್ಕು ಹದಿನೈದು ಪ್ರಮಾಣಿತ ಅಚ್ಚುಗಳಿಗೆ ಸಮ. ಹದಿನೈದು ವರ್ಷಕ್ಕೆಂದು ಕಟ್ಟಿದ ರಸ್ತೆ ಅಂಥ ಲಾರಿಗಳ ಸಾಲಿಗೆ ಸಿಕ್ಕರೆ ಒಂದೆರಡು ಮಳೆಗಾಲ ಕಂಡರೆ ಪುಣ್ಯ.

ಕನ್ನಡಿಗರು ಇದನ್ನು ಕಣ್ಣಾರೆ ಕಂಡಿದ್ದಾರೆ. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಗಣಿಗಳಿಂದ ಕರಾವಳಿಯ ಬಂದರುಗಳಿಗೆ ಹಗಲಿರುಳು ಹರಿದ ಕಬ್ಬಿಣದ ಅದಿರಿನ ಲಾರಿಗಳು ಹಾದಿಯುದ್ದಕ್ಕೂ ರಸ್ತೆಯನ್ನು ಕೆಂಪು ದೂಳಿನ ಹಳ್ಳವಾಗಿಸಿದವು. ಮಿತಿಮೀರಿದ ಹೊರೆಯ ವಿಷಯ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಗಣಿ ವರದಿಯಲ್ಲೂ ದಾಖಲಾಯಿತು.

ಬಿಸಿಯಿದ್ದಾಗಲೇ ಉಂಡೆ

ವಿನ್ಯಾಸ ಸರಿಯಿದ್ದು, ಮಣ್ಣು ಗಟ್ಟಿಯಿದ್ದು, ಹೊರೆಯೂ ಮಿತಿಯಲ್ಲಿದ್ದು ಆರು ತಿಂಗಳಿಗೇ ರಸ್ತೆ ಕಿತ್ತುಬಂದರೆ? ಆಗ ಡಾಂಬರು ಹಾಕಿದ ಆ ಒಂದು ರಾತ್ರಿಯ ಲೆಕ್ಕ ತೆಗೆಯಬೇಕು.

ಕಡಲೆಬೀಜದ ಉಂಡೆ ಕಟ್ಟುವವರಿಗೆ ಪಾಕದ ಹದ ಗೊತ್ತು. ಬಿಸಿಯಿದ್ದಾಗ ಕಟ್ಟಿದರೆ ಉಂಡೆ, ಆರಿದ ಮೇಲೆ ಹೊರಟರೆ ಪುಡಿ. ಹಾಟ್ ಮಿಕ್ಸ್ ಘಟಕದಲ್ಲಿ ವಿಜಿ-30 ದರ್ಜೆಯ ಬಿಟುಮೆನ್ನನ್ನು 150ರಿಂದ 165 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜಲ್ಲಿಯೊಂದಿಗೆ ಬೆರೆಸುತ್ತಾರೆ. ರಸ್ತೆಗೆ ಹಾಸುವಾಗ 140ಕ್ಕಿಂತ ಕೆಳಗಿಳಿದಿರಬಾರದು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ಘಟಕವೋ ಊರಾಚೆ. ಟಾರ್ಪಾಲು ಸರಿಯಾಗಿ ಮುಚ್ಚದ ಲಾರಿ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು ಒಂದು ಗಂಟೆ ತಡವಾದರೆ ಮೇಲ್ಮೈ, ಅಂಚುಗಳು ತಣ್ಣಗಾಗಿರುತ್ತವೆ. ತಡವಾಗುತ್ತದೆಂದು ಮೊದಲೇ ಹೆಚ್ಚು ಕಾಯಿಸಿದರೆ ಬಿಟುಮೆನ್ ಸುಟ್ಟು, ಜಿಗುಟು ಕಳೆದುಕೊಂಡು ಪೆಡಸಾಗುತ್ತದೆ.

ತಣ್ಣಗಾದ ಮಿಶ್ರಣದ ಮೇಲೆ ರೋಲರ್ ಎಷ್ಟು ಉರುಳಿದರೂ ಜಲ್ಲಿ ಒತ್ತಿಕೊಳ್ಳದು. ಹೊರಗೆ ನುಣ್ಣಗೆ ಕಂಡರೂ ಒಳಗೆ ಗಾಳಿಸಂದು ಉಳಿಯುತ್ತದೆ. ಹೊಸ ಹಾಸಿನಲ್ಲಿ ಸಂದು 8%ರ ಆಚೆಗೆ ಹೋಯಿತೆಂದರೆ ಸಂದುಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತವೆ. ಅಲ್ಲಿಂದ ಮುಂದಿನ ಕತೆ ಮತ್ತೆ ಸಿಪ್ಪೆ ಸುಲಿಯುವ ನೀರಿನದು.

ಗುಂಡಿ ಮುಚ್ಚುವ ಕೆಲಸಕ್ಕೂ ಇದೇ ಮಾತು. ಬಿರುಕು ಹಬ್ಬಿದ ಜಾಗದಾಚೆಗೂ ಚೌಕ ಗುರುತು ಹಾಕಿ, ನೆಟ್ಟಗೆ ಕತ್ತರಿಸಿ, ಗಟ್ಟಿ ತಳ ಸಿಗುವವರೆಗೆ ತೆಗೆದು, ಒಣಗಿಸಿ, ಬದಿಗಳಿಗೂ ಡಾಂಬರು ಸವರಿ, ಬಿಸಿ ಮಿಶ್ರಣವನ್ನು ಪದರ ಪದರವಾಗಿ ಒತ್ತಬೇಕು. ನೀರು ನಿಂತ ಗುಂಡಿಗೆ ಸಲಿಕೆಯಲ್ಲಿ ಸುರಿದು ಅದರ ಬೆನ್ನಿನಿಂದ ತಟ್ಟಿದ ಜಲ್ಲಿ ಮಾರನೇ ವಾರ ಪಕ್ಕದ ಮನೆಯ ಗೇಟಿನ ಮುಂದಿರುತ್ತದೆ.

ಮದ್ದುಗಳ ಸಾಲು

ಬೆಂಗಳೂರು ಮದ್ದು ಹುಡುಕಿದ ಊರೂ ಹೌದು. ತ್ಯಾಜ್ಯ ಪ್ಲಾಸ್ಟಿಕ್ಕನ್ನು ಚೂರು ಮಾಡಿ ಡಾಂಬರಿನೊಂದಿಗೆ ಬಳಸುವ ಪ್ರಯತ್ನಕ್ಕೆ 2000ದ ದಶಕದ ಆರಂಭದಲ್ಲೇ ಇಲ್ಲಿನ ಪ್ಲಾಸ್ಟಿಕ್ ಉದ್ಯಮಿ ಅಹ್ಮದ್ ಖಾನ್ ಕೈಹಾಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಅದನ್ನು ಪರೀಕ್ಷೆಗೆ ಒಡ್ಡಿದರು. ದೇಶದ ಸಿವಿಲ್ ವಿದ್ಯಾರ್ಥಿಗಳು ಇಂದಿಗೂ ಓದುವ ಹೆದ್ದಾರಿ ಪಠ್ಯದ ಲೇಖಕರಲ್ಲಿ ಜಸ್ಟೊ ಒಬ್ಬರು. ಮದುರೈನ ಪ್ರಾಧ್ಯಾಪಕ ಆರ್. ವಾಸುದೇವನ್ ಬಿಸಿ ಜಲ್ಲಿಗೇ ಪ್ಲಾಸ್ಟಿಕ್ ಲೇಪಿಸುವ ವಿಧಾನ ಬೆಳೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಇಂಥ ಮಿಶ್ರಣ ನೀರನ್ನೂ ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಮೇಲಿನ ಪದರದ ಮದ್ದು. ಅಡಿಯಲ್ಲಿ ಒಡೆದ ಕೊಳವೆ ಸೋರುತ್ತಿದ್ದರೆ ಪ್ಲಾಸ್ಟಿಕ್ ಏನೂ ಮಾಡಲಾರದು.

ಶಿರಾಡಿ ಘಾಟಿಯಲ್ಲಿ ಡಾಂಬರನ್ನೇ ಬಿಟ್ಟು ಕಾಂಕ್ರೀಟ್ ಹಾಕಿದರು. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ, ಬೆಟ್ಟದಿಂದ ಒಸರುವ ನೀರು, ಏರಿನಲ್ಲಿ ತೆವಳುವ ಟ್ಯಾಂಕರು, ಕಂಟೇನರು ಎಲ್ಲ ಒಟ್ಟಿಗೆ ಸೇರುವ ಆ ಹಾದಿಯನ್ನು 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕೆಲಸ ಮಾಡಲಾಯಿತು. ಬೆಂಗಳೂರಿನಲ್ಲೂ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವ ‘ವೈಟ್ ಟಾಪಿಂಗ್’ ನಡೆದಿದೆ. ಕಾಂಕ್ರೀಟ್ ಬಾಗುವುದಿಲ್ಲ, ನೀರಿಗೆ ಬೇಗ ಬಗ್ಗುವುದೂ ಇಲ್ಲ. ಆದರೆ ಅಡಿಯ ಮಣ್ಣು ಕೊಚ್ಚಿಹೋದರೆ ಹಲಗೆಯೂ ಮುರಿಯುತ್ತದೆ, ಕೇಬಲ್ಲಿಗಾಗಿ ಅಗೆದರೆ ಮತ್ತೆ ಬೆಸೆಯುವುದು ಇನ್ನೂ ಕಷ್ಟ.

ನಗರದ ಹಳೆಯ ರಸ್ತೆಯೊಂದರಿಂದ ತೆಗೆದ ಕೋರು ಮೇಜಿನ ಮೇಲಿದೆ ಎಂದುಕೊಳ್ಳಿ. ಮೊಳಕೈಯುದ್ದದ ಕಪ್ಪು ಸಿಲಿಂಡರ್. ಬದಿಯಿಂದ ನೋಡಿದರೆ ಮರದ ಉಂಗುರಗಳಂತೆ ಡಾಂಬರು ಹಾಕಿದ ವರ್ಷಗಳು ಒಂದರ ಮೇಲೊಂದು ಕೂತಿವೆ. ಮೇಲಿನ ಪದರ ಹೊಳೆಯುತ್ತಿದೆ, ಜಲ್ಲಿ ಒಳ್ಳೆಯದು, ಡಾಂಬರಿನ ಪಾಲೂ ಸರಿಯಿದೆ. ಅದರ ಕೆಳಗಿನ ಪದರದಲ್ಲಿ ಉದ್ದಕ್ಕೊಂದು ಸೀಳು, ಅರ್ಧ ದಾರಿ ಮೇಲೇರಿ ನಿಂತಿದೆ. ಎರಡರ ನಡುವೆ ಕೂದಲೆಳೆಯಷ್ಟು ದೂಳಿನ ಗೆರೆ. ತಾಂತ್ರಿಕ ಸಹಾಯಕ ಎರಡೂ ಕೈಯಲ್ಲಿ ಹಿಡಿದು ಕೊಂಚ ತಿರುಚುತ್ತಾನೆ. ಬಿಸ್ಕತ್ತಿನಂತೆ ಅದು ಎರಡಾಗುತ್ತದೆ. ಒಳಮೈಯನ್ನು ಬೆರಳಿನಿಂದ ಸವರಿ ನೋಡುತ್ತಾನೆ: ಮಳೆ ಬಂದು ಹತ್ತು ದಿನವಾಗಿದೆ, ಅಲ್ಲಿ ಇನ್ನೂ ಪಸೆ ಆರಿಲ್ಲ.